ಕನ್ನಡಕರಹಿತ ಮೂರು ಆಯಾಮದ ಪರದೆಗಳಲ್ಲಿ ಮಸೂರದ ದೋಷಗಳು

ಪೀಠಿಕೆ
ವಿಶೇಷ ಕನ್ನಡಕವನ್ನು ಧರಿಸದೆಯೇ ಚಿತ್ರದ ಆಳವನ್ನು ಕಾಣಲು ಅನುವು ಮಾಡಿಕೊಡುವ ಪರದೆಗಳನ್ನು ಕನ್ನಡಕರಹಿತ ಮೂರು ಆಯಾಮದ ಪರದೆಗಳೆಂದು ಕರೆಯಲಾಗುತ್ತದೆ. ಸೂಕ್ಷ್ಮ ಮಸೂರಗಳ ಸಮೂಹದಿಂದ ಆಳವನ್ನು ತೋರಿಸುವ ವಿಧಾನವನ್ನು ಫ್ರಾನ್ಸಿನ ಭೌತವಿಜ್ಞಾನಿ ಗೇಬ್ರಿಯಲ್ ಲಿಪ್‌ಮನ್ ಅವರು 1908ರಲ್ಲಿ ಮಂಡಿಸಿದರು.

ಕಾರ್ಯವಿಧಾನ
ಪರದೆಯ ಮೇಲೆ ಸಾಲುಸಾಲಾಗಿ ಅಳವಡಿಸಿದ ಕಿರಿದಾದ ಪೀನ ಮಸೂರಗಳು ಪಿಕ್ಸೆಲ್‌ಗಳ ಬೆಳಕನ್ನು ಬೇರೆ ಬೇರೆ ದಿಕ್ಕುಗಳಿಗೆ ಕಳುಹಿಸುತ್ತವೆ. ವಯಸ್ಕರ ಎರಡು ಕಣ್ಣುಗಳ ನಡುವಿನ ಅಂತರವು ಸರಾಸರಿ 63 ಮಿಲಿಮೀಟರ್ ಇರುವುದರಿಂದ ಪ್ರತಿ ಕಣ್ಣಿಗೂ ಪ್ರತ್ಯೇಕ ಚಿತ್ರವು ತಲುಪುತ್ತದೆ. ಮಿದುಳು ಇವೆರಡನ್ನೂ ಸೇರಿಸಿ ಆಳವನ್ನು ಗ್ರಹಿಸುತ್ತದೆ.

ದೋಷಗಳು ಮತ್ತು ಕಾರಣಗಳು
1. ಇಮ್ಮಡಿ ಚಿತ್ರ: ಓರೆಯಾಗಿ ಸಾಗುವ ಕಿರಣಗಳು ಮಸೂರದಿಂದ ಪಿಕ್ಸೆಲ್‌ಗಳ ಸಮತಲದ ಮೇಲೆ ಸರಿಯಾಗಿ ಕೇಂದ್ರೀಕೃತವಾಗುವುದಿಲ್ಲ. ಆದ್ದರಿಂದ ಬದಿಯಿಂದ ನೋಡಿದಾಗ ಒಂದು ಕಣ್ಣಿನ ಚಿತ್ರವು ಇನ್ನೊಂದರಲ್ಲಿ ಬೆರೆಯುತ್ತದೆ.
2. ತಿರುವು ಆಳ: ವೀಕ್ಷಕರು ನಿಗದಿತ ಸ್ಥಾನದಿಂದ ಸರಿದಾಗ ಎಡ ಮತ್ತು ಬಲ ಚಿತ್ರಗಳು ಅದಲುಬದಲಾಗಿ, ಮುಂದಿರುವ ವಸ್ತುವು ಹಿಂದಿರುವಂತೆ ಕಾಣಬಹುದು.
3. ಅಳತೆಯ ವ್ಯತ್ಯಾಸ: ಪ್ಲಾಸ್ಟಿಕ್ ಮಸೂರದ ಹಾಳೆಯು ಬಿಸಿಯಲ್ಲಿ ಗಾಜಿಗಿಂತ ಹೆಚ್ಚು ಹಿಗ್ಗುವುದರಿಂದ ಮಸೂರ ಮತ್ತು ಪಿಕ್ಸೆಲ್‌ಗಳ ಹೊಂದಾಣಿಕೆ ತಪ್ಪುತ್ತದೆ.
4. ಸ್ಪಷ್ಟತೆಯ ಇಳಿಕೆ: ಪಿಕ್ಸೆಲ್‌ಗಳು ಹಲವು ನೋಟಗಳಿಗೆ ಹಂಚಿಹೋಗುತ್ತವೆ. 3840 x 2160 ಪಿಕ್ಸೆಲ್‌ಗಳ ಪರದೆಯಲ್ಲಿ 9 ನೋಟಗಳಿದ್ದರೆ ಪ್ರತಿ ನೋಟಕ್ಕೆ ಒಂಬತ್ತರಲ್ಲಿ ಒಂದು ಭಾಗ ಮಾತ್ರ ದೊರೆಯುತ್ತದೆ.

ಪರಿಹಾರ ಕ್ರಮಗಳು
ಮಸೂರಗಳನ್ನು ತುಸು ಓರೆಯಾಗಿ ಅಳವಡಿಸಿದಲ್ಲಿ ಕಪ್ಪು ಪಟ್ಟಿಗಳು ಕಡಿಮೆಯಾಗಿ, ಸ್ಪಷ್ಟತೆಯ ನಷ್ಟವು ಅಡ್ಡ ಹಾಗೂ ಉದ್ದ ದಿಕ್ಕುಗಳೆರಡಕ್ಕೂ ಹಂಚಿಕೆಯಾಗುತ್ತದೆ. ಕ್ಯಾಮೆರಾದಿಂದ ಮಸೂರಗಳ ನೈಜ ಅಂತರ ಮತ್ತು ಓರೆಯನ್ನು ಅಳೆದು, ತಂತ್ರಾಂಶದ ಮೂಲಕ ಚಿತ್ರವನ್ನು ಸರಿಹೊಂದಿಸಲೂ ಸಾಧ್ಯವಿದೆ. ಆದರೆ ಮಸೂರದಲ್ಲಿಯೇ ಬೆರೆತುಹೋದ ಬೆಳಕನ್ನು ತಂತ್ರಾಂಶವು ಪೂರ್ಣವಾಗಿ ಬೇರ್ಪಡಿಸಲಾರದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು
1. ಖರೀದಿಗೆ ಮುನ್ನ ಪರದೆಯನ್ನು ಎದುರಿನಿಂದಲೂ ಎರಡೂ ಬದಿಗಳಿಂದಲೂ, ಬಳಸಲು ಉದ್ದೇಶಿಸಿರುವ ದೂರದಲ್ಲಿ ನಿಂತು ಪರೀಕ್ಷಿಸುವುದು.
2. ತಲೆನೋವು ಅಥವಾ ಕಣ್ಣಿನ ಆಯಾಸ ಉಂಟಾದಲ್ಲಿ ವೀಕ್ಷಣೆಯನ್ನು ನಿಲ್ಲಿಸುವುದು.
3. ಮಕ್ಕಳ ವಿಷಯದಲ್ಲಿ ತಯಾರಕರ ಸೂಚನೆಯನ್ನು ಪಾಲಿಸುವುದು. 2011ರಲ್ಲಿ ಬಿಡುಗಡೆಯಾದ ನಿಂಟೆಂಡೊ 3ಡಿಎಸ್ ಆಟಿಕೆಯಲ್ಲಿ ಮಸೂರದ ಬದಲು ತಡೆಪಟ್ಟಿಯನ್ನು ಬಳಸಲಾಗಿತ್ತು. 6 ವರ್ಷ ಹಾಗೂ ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಮೂರು ಆಯಾಮದ ನೋಟವನ್ನು ತೋರಿಸಬಾರದೆಂದು ತಯಾರಕರು ತಿಳಿಸಿದ್ದರು.
4. ಇತರರಿಗೆ ಕಾಣುವ ಆಳವು ಒಬ್ಬರಿಗೆ ಮಾತ್ರ ಕಾಣದಿದ್ದಲ್ಲಿ ಅದನ್ನು ಪರದೆಯ ದೋಷವೆಂದು ಭಾವಿಸಬಾರದು. ಮೆಳ್ಳೆಗಣ್ಣು ಅಥವಾ ಒಂದು ಕಣ್ಣಿನ ಮಂದದೃಷ್ಟಿ ಇದಕ್ಕೆ ಕಾರಣವಾಗಿರಬಹುದು. ಮಕ್ಕಳಲ್ಲಿ ಇವುಗಳನ್ನು ಬೇಗನೆ ಗುರುತಿಸಿದಷ್ಟೂ ಚಿಕಿತ್ಸೆ ಹೆಚ್ಚು ಫಲಕಾರಿಯಾಗುವುದರಿಂದ ವಿಳಂಬ ಮಾಡದೆ ನೇತ್ರತಜ್ಞರನ್ನು ಸಂಪರ್ಕಿಸತಕ್ಕದ್ದು.