ಕೈಗುಣದ ವಿದ್ಯೆ

ಲಾಲ್‌ಬಾಗಿನ ಹೆಸರೆತ್ತಿದೊಡನೆ ನಮ್ಮ ಜನಕ್ಕೆ ನೆನಪಾಗುವುದು ಗಾಜಿನ ಮನೆ, ಫಲಪುಷ್ಪ ಪ್ರದರ್ಶನ, ಬಂಡೆಯ ಮೇಲಿನ ಕೆಂಪೇಗೌಡರ ಗೋಪುರ. ಅದೊಂದು ಪಾಠಶಾಲೆಯೂ ಹೌದೆಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಇಂದು ತೋಟಗಾರಿಕೆಯಲ್ಲಿ ಪ್ರೌಢ ವ್ಯಾಸಂಗವೆಂದರೆ ವಿಶ್ವವಿದ್ಯಾನಿಲಯ, ಸ್ನಾತಕೋತ್ತರ ಪದವಿ, ಪ್ರಬಂಧ ಎಂದು ಅರ್ಥ. ನೆಲವನ್ನೂ ನೀರನ್ನೂ ಬರಿದು ಮಾಡದೆ ತೋಟ ಮಾಡುವ ಕ್ರಮಕ್ಕೆ ಸುಸ್ಥಿರ ತೋಟಗಾರಿಕೆಯೆಂಬ ಹೆಸರೂ ಬಂದಿದೆ. ಈ ವಿದ್ಯೆ ನಮ್ಮಲ್ಲಿ ಯಾರಿಂದ ಯಾರಿಗೆ ಇಳಿದು ಬಂತು ಎಂಬುದನ್ನು ಸ್ವಲ್ಪದರಲ್ಲಿ ಹೇಳಬೇಕೆಂದು ನನ್ನ ಉದ್ದೇಶ. ಹೇಳುತ್ತ ಹೋದಂತೆ, ಆ ವಂಶಾವಳಿಯಲ್ಲಿ ಹೆಸರು ಬಿಟ್ಟುಹೋದ ಒಬ್ಬನ ಮಾತೂ ಬರುತ್ತದೆ. ಬಿಟ್ಟವನು ನಾನೇ.

ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ಸುಮಾರು 1025ರಲ್ಲಿ, ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿ, ಚಾವುಂಡರಾಯನೆಂಬ ಕವಿ 'ಲೋಕೋಪಕಾರ'ವೆಂಬ ಗ್ರಂಥವನ್ನು ರಚಿಸಿದ. ಇವನು ಬೆಳ್ಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನಲ್ಲ, ಅವನ ಅನಂತರದವನು. ಮಳೆಯ ಲಕ್ಷಣ, ಅಂತರ್ಜಲದ ಶೋಧ, ಅಡುಗೆ, ಸುಗಂಧ, ಪಶುವೈದ್ಯ ಇವುಗಳ ನಡುವೆ ವೃಕ್ಷಾಯುರ್ವೇದವೂ ಅಲ್ಲಿ ಒಂದು ಅಧ್ಯಾಯ. ಗಿಡಗಳ ಆರೈಕೆಯನ್ನು ಪದ್ಯದಲ್ಲಿ ಕಟ್ಟಿಟ್ಟ ಕವಿ ತಾನೇ ಗುದ್ದಲಿ ಹಿಡಿದನೋ ಇಲ್ಲವೋ ಹೇಳಲಾಗದು. ಹಿಡಿದಿರಲಾರನೆಂದೇ ನನ್ನ ಊಹೆ. ಯಾವುದೋ ಅಗ್ರಹಾರದ ತೋಟದಲ್ಲಿ ಯಾರೋ ಒಬ್ಬ ತೋಟಿಗನನ್ನು ಕೇಳಿ ತಿಳಿದಿರಬೇಕು. ಕವಿಯ ಹೆಸರು ಉಳಿಯಿತು.

ಹೈದರ್ ಅಲಿ ಬೆಂಗಳೂರಿನ ತೋಟಕ್ಕೆ ಅಡಿಪಾಯ ಹಾಕಿದ್ದು 1760ರಲ್ಲಿ. ಟಿಪ್ಪು ದೂರ ದೇಶಗಳಿಂದ ಬೀಜಗಳನ್ನೂ ಸಸಿಗಳನ್ನೂ ತರಿಸಿದ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಬೆಂಗಳೂರಿಗೆ ಬಂದು ಈ ತೋಟಗಳನ್ನು ನೋಡಿ ವರ್ಣಿಸಿದ್ದಾನೆ. ಚಚ್ಚೌಕ ಮಡಿಗಳು, ನಡುವೆ ಕಾಲುದಾರಿಗಳು, ದಾರಿಯಂಚಿಗೆ ಸೈಪ್ರಸ್ ಮರಗಳು. ಒಂದು ಮಡಿಯ ತುಂಬ ಗುಲಾಬಿ, ಇನ್ನೊಂದರ ತುಂಬ ದಾಳಿಂಬೆ, ಹೀಗೆ ಒಂದೊಂದು ಜಾತಿಗೆ ಒಂದೊಂದು ಮಡಿ. ಬುಕಾನನ್ ಸಾಮಾನ್ಯ ನೋಟಗಾರನಲ್ಲ. ಹೊಲದ ಗೊಬ್ಬರದಿಂದ ಹಿಡಿದು ನೇಗಿಲಿನ ಅಳತೆಯ ತನಕ ಕೇಳಿ ಬರೆದುಕೊಂಡವನು. ಆದರೂ ಆ ಗುಲಾಬಿಯ ಮಡಿಗೆ ನೀರು ಹಾಯಿಸಿದವನು ಯಾರು, ಅವನಿಗೆ ಕಲಿಸಿದವನು ಯಾರು ಎಂಬುದು ನಮಗೆ ತಿಳಿಯದೆ ಹೋಯಿತು. ಬೆಂಗಳೂರಿನ ಸುತ್ತ ಹೂವು ತರಕಾರಿಗಳನ್ನು ಬೆಳೆದು ಊರನ್ನು ಸಾಕಿದ ತಿಗಳರು ಇಂದಿಗೂ ವರ್ಷ ವರ್ಷ ಕರಗ ನಡೆಸುತ್ತಾರೆ. ಅವರಲ್ಲಿ ತೋಟದ ವಿದ್ಯೆ ತಂದೆಯಿಂದ ಮಗನಿಗೆ, ಅತ್ತೆಯಿಂದ ಸೊಸೆಗೆ ಬಂದದ್ದು. ಅದಕ್ಕೆ ಪಠ್ಯಕ್ರಮವಿರಲಿಲ್ಲ.

ಲಾಲ್‌ಬಾಗ್ ಸರಕಾರದ ಸಸ್ಯೋದ್ಯಾನವಾದದ್ದು 1856ರಲ್ಲಿ, ಡಾಕ್ಟರ್ ಹ್ಯೂ ಕ್ಲೆಗ್‌ಹಾರ್ನರ ಸಲಹೆಯ ಮೇರೆಗೆ. ಅಲ್ಲಿಂದ ಮುಂದೆ ಮೂರು ಪೀಳಿಗೆಯ ಮುಖ್ಯಸ್ಥರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ ಬಂದವರು. 1858ರಲ್ಲಿ ವಿಲಿಯಂ ನ್ಯೂ, 1874ರಲ್ಲಿ ಜಾನ್ ಕ್ಯಾಮರಾನ್, 1908ರಲ್ಲಿ ಗುಸ್ತಾವ್ ಹರ್ಮನ್ ಕ್ರುಂಬಿಗಲ್. ನಮ್ಮ ವಿದ್ಯಾವಂತರು ಅಷ್ಟಾಗಿ ಗಮನಿಸದ ಒಂದು ಸಂಗತಿ ಇಲ್ಲಿದೆ. ಈ ಮೂವರೂ ಹೊಟ್ಟೆಪಾಡಿಗೆ ಮಾಲಿಗಳಾಗಿ ದುಡಿದು ಮೇಲೆ ಬಂದವರು.

ಕ್ಯೂ ಉದ್ಯಾನದ ಕ್ರಮವೇ ಹಾಗಿತ್ತು. ಬೇರೆ ತೋಟಗಳಲ್ಲಿ ಕೆಲವು ವರ್ಷ ಗೇಯ್ದು ಬಂದ ತರುಣರನ್ನು ಮಾತ್ರ ಅಲ್ಲಿ ಸೇರಿಸಿಕೊಳ್ಳುತ್ತಿದ್ದರು. ಹಗಲೆಲ್ಲ ಮಣ್ಣಿನ ಕೆಲಸ, ಸಂಜೆ ಸಸ್ಯಶಾಸ್ತ್ರದ ಉಪನ್ಯಾಸ. 1871ರಲ್ಲಿ ಆ ಹುಡುಗರ ನಡುವೆ 'ಪರಸ್ಪರ ಸುಧಾರಣಾ ಸಂಘ'ವೊಂದು ಹುಟ್ಟಿತು. ಅಲ್ಲಿ ಅವರು ಸರದಿಯ ಮೇಲೆ ಪ್ರಬಂಧ ಓದಿ, ಒಬ್ಬರನ್ನೊಬ್ಬರು ಖಂಡಿಸಿ, ಮಾತನಾಡಲು ಕಲಿತರು. 1896ರಲ್ಲಿ ಮೊದಲ ಹೆಣ್ಣುಮಕ್ಕಳು ಅಲ್ಲಿ ತೋಟದ ಕೆಲಸಕ್ಕೆ ಬಂದರು. ಗಂಡಸರಂತೆ ಚಲ್ಲಣ ತೊಟ್ಟು ದುಡಿದ ಅವರನ್ನು ನೋಡಲು ಊರ ಜನ ಮುತ್ತಿದರಂತೆ. ಅದೇ ಉದ್ಯಾನದಲ್ಲಿ ಮುಂದೆ ಮೂರು ವರ್ಷದ ಡಿಪ್ಲೊಮಾ ವ್ಯಾಸಂಗ ಏರ್ಪಟ್ಟಾಗಲೂ ಗುದ್ದಲಿಯನ್ನು ಹೊರಗಿಡಲಿಲ್ಲ. ವಿದ್ಯಾರ್ಥಿ ತನ್ನ ಪಾಲಿನ ತರಕಾರಿ ಮಡಿಯನ್ನು ತಾನೇ ಬೆಳೆಯಬೇಕು. ಕೊಂಬೆಯ ತುಣುಕನ್ನು ಮುಂದಿಟ್ಟರೆ ಗಿಡದ ಹೆಸರು ಹೇಳಬೇಕು.

ಇಂಥ ಗರಡಿಯಿಂದ ಬಂದ ವಿಲಿಯಂ ನ್ಯೂ ತೋಟದ ಗಿಡಗಳ ಪಟ್ಟಿ ಮಾಡಿದ. ಕ್ಯಾಮರಾನ್ ಮೂವತ್ತನಾಲ್ಕು ವರ್ಷ ಇಲ್ಲೇ ನೆಲೆಸಿ ಹೊರನಾಡಿನ ಗಿಡಗಳನ್ನು ಪಳಗಿಸಿದ. ಸೀಮೆ ಬದನೆಕಾಯಿ ಇಲ್ಲಿ ಬೇರೂರಿದ್ದು ಅವನಿಂದಲೇ ಎಂದು ಹೇಳುತ್ತಾರೆ. ತಮಿಳುನಾಡಿನ ಸಂತೆಗಳಲ್ಲಿ ಅದಕ್ಕೆ ಇಂದಿಗೂ ಬೆಂಗಳೂರು ಬದನೆಯೆಂದೇ ಹೆಸರು. ಅಮೆರಿಕ ಖಂಡದಿಂದ ಬಂದ ಕಾಯಿ ನಮ್ಮೂರಿನ ಹೆಸರು ಹೊತ್ತು ನೆರೆಮನೆಗೆ ಹೋಯಿತು.

ಕ್ರುಂಬಿಗಲ್ಲರ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಡ್ರೆಸ್ಡೆನ್ ಬಳಿಯ ಲೋಮೆನ್ ಎಂಬ ಊರಲ್ಲಿ 1865ರಲ್ಲಿ ಹುಟ್ಟಿದವರು. ಪಿಲ್‌ನಿಟ್ಸ್‌ನಲ್ಲಿ ಕಲಿತು, ಇಂಗ್ಲೆಂಡಿಗೆ ಹೋಗಿ ಹೈಡ್ ಪಾರ್ಕಿನಲ್ಲಿ ಹೂಮಡಿಗಳನ್ನು ರಚಿಸಿ, ಕ್ಯೂ ಉದ್ಯಾನದಲ್ಲಿ ದುಡಿದು, 1893ರಲ್ಲಿ ಬರೋಡೆಯ ಸಯಾಜಿರಾವ್ ಗಾಯಕವಾಡರ ಬಳಿಗೆ ಬಂದರು. ಹದಿನೈದು ವರ್ಷದ ಮೇಲೆ ನಾಲ್ವಡಿ ಕೃಷ್ಣರಾಜ ಒಡೆಯರ ಕರೆಯ ಮೇಲೆ ಬೆಂಗಳೂರು. ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿ ನೆಡಿಸಿದವರು ಅವರು. ಆದರೆ ಅವರ ಹೆಚ್ಚಿನ ಕೊಡುಗೆ ಬೇರೆಯದೆಂದು ನನಗೆ ತೋರುತ್ತದೆ. 1912ರಲ್ಲಿ ಅವರು ಮೈಸೂರು ಉದ್ಯಾನ ಕಲಾ ಸಂಘವನ್ನು ಕಟ್ಟಿದರು. ಮನೆಯ ಹಿತ್ತಲಲ್ಲಿ ನಾಲ್ಕು ಡೇಲಿಯಾ ಬೆಳೆದ ಗುಮಾಸ್ತನೂ ದಿವಾನರ ಮಾಲಿಯೂ ಒಂದೇ ಗಾಜಿನ ಮನೆಯಲ್ಲಿ ತಮ್ಮ ತಮ್ಮ ಕುಂಡಗಳನ್ನಿಟ್ಟು ಸ್ಪರ್ಧಿಸುವಂತಾಯಿತು. ನಗರಕ್ಕೆ ನಗರವೇ ತರಗತಿಯಾದಂತೆ. ತಮ್ಮ ಉತ್ತರಾಧಿಕಾರಿಯಾಗಿ ಅವರು ಕಂಡದ್ದು ಇಲ್ಲಿಯವರನ್ನೇ. 1932ರಲ್ಲಿ ಅವರು ನಿವೃತ್ತರಾದಾಗ, ಕ್ಯೂ ಉದ್ಯಾನದಲ್ಲಿ ತರಬೇತಾಗಿ ಬಂದಿದ್ದ ಎಚ್. ಸಿ. ಜವರಾಯರು ಆ ಸ್ಥಾನಕ್ಕೆ ಬಂದರು. ಕ್ರುಂಬಿಗಲ್ ಬೆಂಗಳೂರು ಬಿಡಲಿಲ್ಲ. 1956ರಲ್ಲಿ ಇಲ್ಲೇ ತೀರಿಕೊಂಡು ಇಲ್ಲೇ ಮಣ್ಣಾದರು. ಲಾಲ್‌ಬಾಗಿನಲ್ಲಿ ಅವರ ಹೆಸರು ಹೊತ್ತ ಹಳೆಯ ಕಂಬಸಾಲಿನ ಸಭಾಂಗಣವಿತ್ತು. ಹಿಂದೆ ಉಪನ್ಯಾಸಗಳು ನಡೆಯುತ್ತಿದ್ದ ಆ ಕಟ್ಟಡ ದುರಸ್ತಿಯಿಲ್ಲದೆ 2017ರಲ್ಲಿ ಮಳೆಗೆ ಕುಸಿದುಬಿತ್ತು.

ಜವರಾಯರ ನಂತರದ ದೊಡ್ಡ ಹೆಸರು ಡಾಕ್ಟರ್ ಎಂ. ಎಚ್. ಮರಿಗೌಡರದು. ಹಳ್ಳಿಯ ರೈತ ಮನೆತನ, ಕ್ಯೂ ಉದ್ಯಾನದ ತರಬೇತಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್, ಈ ಮೂರೂ ಒಬ್ಬರಲ್ಲೇ ಕೂಡಿದ್ದು ಆಗಲೇ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು. ನಾವು ಮೊಹಲ್ಲೆಯ ಮೂಲೆಯಲ್ಲಿ ಹಣ್ಣು ಕೊಳ್ಳುವ ಹಾಪ್‌ಕಾಮ್ಸ್ ಮಳಿಗೆಯ ಬೇರು ಅಲ್ಲಿದೆ. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆಯಾಗಿ ಮರಿಗೌಡರು ಅದರ ನಿರ್ದೇಶಕರಾದರು. ನಾಡಿನ ಉದ್ದಗಲಕ್ಕೂ ಮುನ್ನೂರಕ್ಕೆ ಮಿಕ್ಕಿ ತೋಟಗಳನ್ನೂ ಸಸ್ಯಕ್ಷೇತ್ರಗಳನ್ನೂ ಎಬ್ಬಿಸಿದರು. ಸಾಮಾನ್ಯ ರೈತನಿಗೆ ನಂಬಿಕೆಯ ಸಸಿ ಸಿಗಬೇಕು, ಸಸಿಯೊಡನೆ ಅದನ್ನು ಸಾಕುವ ರೀತಿಯೂ ಕಣ್ಣಿಗೆ ಕಾಣಬೇಕು, ಇದು ಆ ಏರ್ಪಾಡಿನ ತಿರುಳು.

ಅವರು ಹಿಡಿದ ಇನ್ನೊಂದು ಹಠ ಖುಷ್ಕಿ ತೋಟಗಾರಿಕೆಯದು. ನೀರಾವರಿಯಿಲ್ಲದ ಕಲ್ಲುನೆಲದಲ್ಲಿ ಮಾವು, ಹುಣಸೆ, ಸೀತಾಫಲ ಬರಲಾರವೇ? ಬರುತ್ತವೆ, ಆದರೆ ಕ್ರಮ ಬೇರೆ. ಬೇಸಗೆಯಲ್ಲೇ ಗುಣಿ ತೋಡಿ ಬಿಸಿಲಿಗೆ ಬಿಡಬೇಕು. ಮೇಲ್ಮಣ್ಣನ್ನೂ ಕೊಟ್ಟಿಗೆ ಗೊಬ್ಬರವನ್ನೂ ತುಂಬಬೇಕು. ಬಿದ್ದ ಮಳೆ ಹರಿದು ಬುಡಕ್ಕೆ ಬರುವಂತೆ ಇಳಿಜಾರಿನ ಪಾತಿ ಕಟ್ಟಬೇಕು. ಬುಡದ ಬಳಿ ಮಣ್ಣಿನ ಮಡಕೆಯೊಂದನ್ನು ಹೂತು ನೀರು ತುಂಬಿಟ್ಟರೆ ಅದು ಜಿನುಗುತ್ತ ಎಳೆಯ ಗಿಡವನ್ನು ಬೇಸಗೆ ದಾಟಿಸುತ್ತದೆ. ಕುಂಡದಲ್ಲಿ ಬೆಳೆದ ಕಸಿ ಗಿಡದ ತಾಯಿಬೇರು ತಳಕ್ಕೆ ತಾಗಿ ಸುರುಳಿ ಸುತ್ತಿಕೊಂಡಿರುತ್ತದೆ. ಅದರ ಬದಲು ಗುಣಿಯಲ್ಲೇ ವಾಟೆ ಬಿತ್ತಿ, ಸಸಿ ಬಲಿತ ಮೇಲೆ ಅಲ್ಲೇ ಕಸಿ ಕಟ್ಟಿದರೆ ಬೇರು ನೆಟ್ಟಗೆ ಕೆಳಗಿಳಿದು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ. ಸುಸ್ಥಿರವೆಂಬ ಶಬ್ದ ಬಳಕೆಗೆ ಬರುವ ಮುಂಚೆ ಈ ಕೆಲಸ ನಡೆದಿತ್ತು.

1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯ, 1967ರಲ್ಲಿ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, 2008ರಲ್ಲಿ ಬಾಗಲಕೋಟೆಯಲ್ಲಿ ತೋಟಗಾರಿಕೆಗೇ ಮೀಸಲಾದ ವಿಶ್ವವಿದ್ಯಾನಿಲಯ ಬಂದವು. ಇವುಗಳಿಂದಾದ ಉಪಕಾರ ಸಣ್ಣದಲ್ಲ. ಹೆಸರಘಟ್ಟದಲ್ಲಿ ಬಾದಾಮಿ ಮಾವನ್ನೂ ಬಂಗನಪಲ್ಲಿಯನ್ನೂ ಬೆರೆಸಿ ಪಡೆದ ತಳಿಗಳಿಗೆ ಅರ್ಕಾವತಿ ಹೊಳೆಯ ನೆನಪಿನಲ್ಲಿ 'ಅರ್ಕಾ' ಎಂದು ಹೆಸರಿಟ್ಟಿದ್ದಾರೆ. ವಿದ್ಯಾರ್ಥಿಗಳನ್ನು ಕೊನೆಯ ವರ್ಷ ಹಳ್ಳಿಗೆ ಕಳಿಸುವ ಕ್ರಮವೂ ಇದೆ. ಆದರೂ ಒಂದು ಕೊರತೆಯನ್ನು ನಾನು ಬಲ್ಲೆ. ಅನುಭವದಿಂದ ಬಲ್ಲೆ.

ನಾನು ಪದವಿ ಪಡೆದು ನೌಕರಿಗೆ ಸೇರಿದ್ದು 1976ರಲ್ಲಿ. ಹಳೆಯ ಮೈಸೂರು ಸೀಮೆಯ ಒಂದು ಹಣ್ಣಿನ ತೋಟದ ಹೊಣೆ ನನ್ನದಾಯಿತು. ಅಲ್ಲಿ ದಿನಗೂಲಿಯ ಮಾಲಿಯೊಬ್ಬನಿದ್ದ. ಅರುವತ್ತು ದಾಟಿತ್ತು. ಎಲ್ಲರೂ ಅವನನ್ನು ಕಸಿ ತಾತ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಆ ಮಳೆಗಾಲದಲ್ಲಿ ತಾಯಿಮರದ ಕೊಂಬೆಗಳಿಗೆ ನೂರು ಸಸಿಗಳನ್ನು ತಾಗಿಸಿ ಕಸಿ ಕಟ್ಟಬೇಕಿತ್ತು. ಸಸಿಯ ಕುಂಡವನ್ನು ಅಟ್ಟಣೆಯ ಮೇಲಿಟ್ಟು, ಸಸಿಯ ತೊಗಟೆಯನ್ನೂ ಕೊಂಬೆಯ ತೊಗಟೆಯನ್ನೂ ಒಂದೇ ಅಳತೆಗೆ ಕೆತ್ತಿ, ಎರಡನ್ನೂ ಹೊಂದಿಸಿ ಬಾಳೆನಾರಿನಿಂದ ಬಿಗಿದು, ಸೆಗಣಿ ಬೆರೆಸಿದ ಜೇಡಿಮಣ್ಣು ಮೆತ್ತುವ ಕೆಲಸ. ಐವತ್ತನ್ನು ನಾನು ಕಟ್ಟಿದೆ, ಐವತ್ತನ್ನು ತಾತ ಕಟ್ಟಿದ. ಎರಡೂವರೆ ತಿಂಗಳು ತುಂಬಿದ ದಿನ ನನ್ನವನ್ನು ತಾಯಿಮರದಿಂದ ಕತ್ತರಿಸಿ ಇಳಿಸಿದೆ. ಪುಸ್ತಕದ ಪ್ರಕಾರ ಒಂದು ದಿನವೂ ತಪ್ಪಿರಲಿಲ್ಲ. ಹದಿನೈದು ದಿನದಲ್ಲಿ ಮೂವತ್ತೊಂದು ಒಣಗಿದವು.

ತಾತ ತನ್ನವನ್ನು ಒಂದೇ ದಿನ ಇಳಿಸಲಿಲ್ಲ. ಕೂಡಿದ ಜಾಗದಲ್ಲಿ ತೊಗಟೆ ಉಬ್ಬಿದ್ದನ್ನು ಹೆಬ್ಬೆರಳಿನಿಂದ ಸವರಿ ನೋಡುವನು. ಕೆಲವನ್ನು ಮೊದಲು ಅರ್ಧ ಕಚ್ಚು ಹಾಕಿ ವಾರ ಬಿಡುವನು. ಎಲೆ ಬಾಡದಿದ್ದರೆ ಮಾತ್ರ ಪೂರ್ತಿ ಕತ್ತರಿಸುವನು. ನಾನು ಏನು ತಪ್ಪಾಯಿತೆಂದು ಕೇಳಿದೆ. "ನೀವು ದಿನ ಎಣಿಸಿದ್ರಿ ಸ್ವಾಮಿ, ಗಿಡ ನೋಡ್ಲಿಲ್ಲ," ಎಂದ. ಹಾಗೆಂದು ನಗಲೂ ಇಲ್ಲ. ಮರುದಿನದಿಂದ ನನ್ನ ಕೈ ಹಿಡಿದು ಸವರಿಸಿ ತೋರಿಸಿದ. ವಿಶ್ವವಿದ್ಯಾನಿಲಯದ ನಾಲ್ಕು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಹಿಡಿದಿರಲಿಲ್ಲ.

ಮುಂದೆ ನಾನು ಕಸಿಯ ಯಶಸ್ಸಿನ ಬಗ್ಗೆ ಒಂದು ವರದಿ ಬರೆದೆ. ಅರ್ಧ ಕಚ್ಚಿನ ಕ್ರಮವನ್ನು ವಿವರಿಸಿದೆ, ಕೋಷ್ಟಕ ಹಾಕಿದೆ. ಅದು ಮೇಲಿನವರಿಗೆ ಮೆಚ್ಚಿಕೆಯಾಯಿತು. ಅದರಲ್ಲಿ ತಾತನ ಹೆಸರಿಲ್ಲ. ಮರೆತದ್ದಲ್ಲ, ಮಾಲಿಯ ಹೆಸರನ್ನು ವರದಿಯಲ್ಲಿ ಬರೆಯಬಹುದೆಂಬ ಯೋಚನೆಯೇ ಆಗ ಬರಲಿಲ್ಲ. ಅವನ ಹೆಸರು ಇದ್ದದ್ದು ಕೂಲಿಯ ಹಾಜರಿ ಪಟ್ಟಿಯಲ್ಲಿ, ಹೆಬ್ಬೆಟ್ಟಿನ ಗುರುತಿನ ಪಕ್ಕದಲ್ಲಿ. ತಿಂಗಳು ತಿಂಗಳು ಆ ಪಟ್ಟಿಗೆ ರುಜು ಹಾಕುತ್ತಿದ್ದವನು ನಾನು. ಇಂದು ಎಷ್ಟು ಯೋಚಿಸಿದರೂ ಆ ಹೆಸರು ನೆನಪಿಗೆ ಬಾರದು. ನಿವೃತ್ತನಾದ ಮೇಲೆ ಹುಡುಕಿಕೊಂಡು ಹೋದೆ. ಅಂಥ ಪಟ್ಟಿಗಳನ್ನು ಕೆಲವು ವರ್ಷ ಇಟ್ಟು ವಿಲೇವಾರಿ ಮಾಡುವುದು ಪದ್ಧತಿ. ಊರಲ್ಲಿ ವಿಚಾರಿಸಿದರೆ, ಕಸಿ ತಾತನೇ ಎಂದು ಹಿರಿಯರು ಗುರುತು ಹಿಡಿದರು. ಹೆಸರು ಅವರಿಗೂ ತಿಳಿಯದು.

ಲಾಲ್‌ಬಾಗಿನಲ್ಲಿ ರೈತರ ಮಕ್ಕಳಿಗೆ ಹತ್ತು ತಿಂಗಳ ತೋಟಗಾರಿಕೆ ತರಬೇತಿ ನಡೆಯುತ್ತದೆ. ಹೋದ ವರ್ಷ ಅಲ್ಲಿ ಅಡ್ಡಾಡುವಾಗ ಎಳೆಯ ಹುಡುಗಿಯೊಬ್ಬಳು ನೆಲಕ್ಕೆ ಕೂತು ಕಸಿ ಕಟ್ಟುತ್ತಿದ್ದುದನ್ನು ಕಂಡೆ. ಈಗ ಬಾಳೆನಾರಿಲ್ಲ, ಪ್ಲಾಸ್ಟಿಕ್ಕಿನ ಪಟ್ಟಿ. ಪಕ್ಕದಲ್ಲಿ ನಿಂತಿದ್ದ ಮುದುಕ ಮಾಲಿ ಪಟ್ಟಿ ಸಡಿಲವಾಯಿತೆಂದು ಹೇಳಿ, ಬಗ್ಗಿ ಅವಳ ಬೆರಳನ್ನು ಸರಿಯಾದ ಜಾಗಕ್ಕೆ ಒತ್ತಿದ. ನಾನು ಹತ್ತಿರ ಹೋಗಿ ಅವನ ಹೆಸರು ಕೇಳಿದೆ. ಏನೋ ದೂರು ಕೊಡಲು ಕೇಳುತ್ತಿದ್ದಾರೆಂದು ಅವನಿಗೆ ಗಾಬರಿಯಾಯಿತು. ಹಾಗಲ್ಲವೆಂದು ತಿಳಿಹೇಳಿ, ಅವನು ಹೇಳಿದ್ದನ್ನು ಅವನೆದುರಿಗೇ ಪುಸ್ತಕದಲ್ಲಿ ಬರೆದುಕೊಂಡೆ. ಆ ಹುಡುಗಿಯೂ ತನ್ನ ನೋಟುಪುಸ್ತಕ ತೆಗೆದಳು.