ಸಾಲುಮನೆಗಳ ಸಮೃದ್ಧಿ ಮತ್ತು ನೆರೆಯವರ ಹಕ್ಕು

ಬಡತನದಂತೆಯೇ ಸಮೃದ್ಧಿಯೂ ಒಂದು ಪರೀಕ್ಷೆಯೆಂದು ಪವಿತ್ರ ಕುರ್‌ಆನ್ ನಮಗೆ ಕಲಿಸುತ್ತದೆ. ಎರಡನೆಯ ಮಹಾಯುದ್ಧದ ಬಳಿಕ ಅಮೆರಿಕವು ಎದುರಿಸಿದ್ದು ಸಮೃದ್ಧಿಯ ಪರೀಕ್ಷೆಯನ್ನು.

1945ರಲ್ಲಿ ಯುದ್ಧ ಮುಗಿದಾಗ ಯೂರೋಪ್ ಮತ್ತು ಜಪಾನ್‌ನ ಅನೇಕ ನಗರಗಳು ಬೂದಿಯಾಗಿದ್ದವು. ಅಮೆರಿಕದ ಕಾರ್ಖಾನೆಗಳಾದರೋ ಸುರಕ್ಷಿತವಾಗಿದ್ದವು. ಟ್ಯಾಂಕು, ವಿಮಾನಗಳನ್ನು ತಯಾರಿಸಿದ್ದ ಕಾರ್ಖಾನೆಗಳು ಕಾರು, ರೆಫ್ರಿಜರೇಟರುಗಳತ್ತ ಹೊರಳಿದವು. ಯುದ್ಧಕಾಲದಲ್ಲಿ ಕೊಳ್ಳಲು ಸರಕಿಲ್ಲದೆ ಜನರು ಕೂಡಿಟ್ಟಿದ್ದ ಹಣ ಮಾರುಕಟ್ಟೆಗೆ ಹರಿಯಿತು. ಮರಳಿದ ಸೈನಿಕರ ಕಾಲೇಜು ಶಿಕ್ಷಣಕ್ಕೆ ನೆರವು ಮತ್ತು ಗೃಹಸಾಲಕ್ಕೆ ಸರಕಾರದ ಖಾತರಿ ನೀಡುವ ಕಾನೂನು 1944ರಲ್ಲೇ ಜಾರಿಗೆ ಬಂದಿತ್ತು.

ನ್ಯೂಯಾರ್ಕ್ ಸಮೀಪದ ಲಾಂಗ್ ಐಲೆಂಡ್‌ನಲ್ಲಿ ವಿಲಿಯಂ ಲೆವಿಟ್ ಎಂಬ ಉದ್ಯಮಿ 1947ರಲ್ಲಿ ಲೆವಿಟ್‌ಟೌನ್ ಎಂಬ ಬಡಾವಣೆಯ ನಿರ್ಮಾಣವನ್ನು ಆರಂಭಿಸಿದರು. ಕಾರ್ಖಾನೆಯಲ್ಲಿ ಕಾರು ಜೋಡಿಸುವಂತೆ ಕೆಲಸವನ್ನು ಹಂತಹಂತವಾಗಿ ಹಂಚಿ, 1951ರ ಹೊತ್ತಿಗೆ 17,000ಕ್ಕೂ ಹೆಚ್ಚು ಮನೆಗಳನ್ನು ಎಬ್ಬಿಸಲಾಯಿತು. ಕಾರ್ಮಿಕನೂ ಸ್ವಂತ ಮನೆಯ ಒಡೆಯನಾದನು. ಇದು ಸಣ್ಣ ಸಾಧನೆಯಲ್ಲವೆಂದು ನಾವು ಒಪ್ಪಲೇಬೇಕು.

ಮನೆಯೊಳಗಿನ ಬದುಕೂ ಬದಲಾಯಿತು. 1950ರಲ್ಲಿ ಹತ್ತು ಮನೆಗಳಲ್ಲಿ ಸುಮಾರು ಒಂದರಲ್ಲಿದ್ದ ಟೆಲಿವಿಷನ್, 1960ರ ವೇಳೆಗೆ ಹೆಚ್ಚುಕಡಿಮೆ ಒಂಬತ್ತರಲ್ಲಿತ್ತು. ಅದರ ಜಾಹೀರಾತುಗಳು ದಿನಕ್ಕೊಂದು ಹೊಸ ಆಸೆಯನ್ನು ಬಿತ್ತಿದವು. ಕಂತಿನ ಸಾಲ ಮನೆಮಾತಾಯಿತು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕದ ಕ್ರೆಡಿಟ್ ಕಾರ್ಡ್ ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ಮನೆಗಳಿಗೆ ಕೇಳದೆಯೇ ಅಂಚೆಯಲ್ಲಿ ಬಂದಿಳಿಯಿತು. ಮುಂದೆ ಭಾರತದಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅರ್ಥಶಾಸ್ತ್ರಜ್ಞ ಗಾಲ್‌ಬ್ರೈತ್ ಅದೇ ವರ್ಷ ತಮ್ಮ ಗ್ರಂಥವೊಂದರಲ್ಲಿ, ಖಾಸಗಿ ಮನೆಗಳು ತುಂಬಿ ತುಳುಕುತ್ತಿರುವಾಗ ಸಾರ್ವಜನಿಕ ಸೌಕರ್ಯಗಳು ಸೊರಗುತ್ತಿವೆಯೆಂದು ಎಚ್ಚರಿಸಿದರು. ‘ಅತ್ತಕಾಸುರ್’ ಅಧ್ಯಾಯವನ್ನು ಓದುವ ನಮಗೆ ಪೈಪೋಟಿಯಿಂದ ಕೂಡಿಹಾಕುವ ಈ ರೋಗ ಅಪರಿಚಿತವಲ್ಲ.

ಆದರೆ ದೊಡ್ಡ ಸೋಲು ಬೇರೊಂದಿತ್ತು. ಲೆವಿಟ್‌ಟೌನ್‌ನ ಆರಂಭದ ಕರಾರುಪತ್ರಗಳು ಬಿಳಿಯರಲ್ಲದವರ ವಾಸವನ್ನು ನಿಷೇಧಿಸಿದ್ದವು. ಅದೇ ಯುದ್ಧದಲ್ಲಿ ಅದೇ ಧ್ವಜದಡಿಯಲ್ಲಿ ಹೋರಾಡಿದ ಕಪ್ಪು ಸೈನಿಕನಿಗೆ ಅಲ್ಲಿ ಬಾಗಿಲು ಮುಚ್ಚಿತ್ತು. 1957ರಲ್ಲಿ ಪೆನ್ಸಿಲ್ವೇನಿಯಾದ ಮತ್ತೊಂದು ಲೆವಿಟ್‌ಟೌನ್‌ಗೆ ಕಪ್ಪು ಕುಟುಂಬವೊಂದು ಬಂದಾಗ ಜನಜಂಗುಳಿ ಸೇರಿ ಕಿಟಕಿಗಳಿಗೆ ಕಲ್ಲು ತೂರಿತು. ಕೆಲವು ಬಿಳಿಯ ನೆರೆಯವರು ಆ ಕುಟುಂಬದ ಬೆನ್ನಿಗೆ ನಿಂತರೆಂಬುದನ್ನೂ ನ್ಯಾಯದ ದೃಷ್ಟಿಯಿಂದ ನಾವು ಸ್ಮರಿಸಬೇಕು. ಕಲ್ಲೇಟಿಗೆ ಜಗ್ಗದೆ ಆ ಕುಟುಂಬ ಅಲ್ಲೇ ಉಳಿಯಿತು.

ಈ ನೋವನ್ನು ಬಾಲ್ಯದಲ್ಲೇ ಉಂಡವರು ಮಾಲ್ಕಂ ಎಕ್ಸ್. ಅವರ ತಂದೆ ಮಿಷಿಗನ್‌ನ ಲ್ಯಾನ್ಸಿಂಗ್ ಬಳಿ ಕೊಂಡಿದ್ದ ಮನೆ ಬಿಳಿಯರಿಗೆ ಮೀಸಲಾದ ಜಾಗದಲ್ಲಿದೆಯೆಂದು ನೆರೆಯವರು ನ್ಯಾಯಾಲಯಕ್ಕೆ ಹೋಗಿದ್ದರು. 1929ರಲ್ಲಿ ಆ ಮನೆ ಸುಟ್ಟುಹೋಯಿತು. ಆಗ ಮಾಲ್ಕಂರಿಗೆ ನಾಲ್ಕು ವರ್ಷ. ಬಿಳಿಯರನ್ನೆಲ್ಲ ಶತ್ರುಗಳೆಂದೇ ಬಗೆದಿದ್ದ ಅವರು 1964ರಲ್ಲಿ ಹಜ್ಜ್‌ಗೆ ತೆರಳಿದಾಗ, ಬಿಳಿಯ ಮುಸ್ಲಿಮರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡರು, ಒಂದೇ ಸಾಲಿನಲ್ಲಿ ನಮಾಝ್ ನಿರ್ವಹಿಸಿದರು. ತಮ್ಮ ಅಭಿಪ್ರಾಯ ಬದಲಾದುದನ್ನು ಅಲ್ಲಿಂದಲೇ ಪತ್ರಗಳಲ್ಲಿ ಬರೆದರು. ಸಮೃದ್ಧ ಬಡಾವಣೆ ನೀಡಲಾಗದ ನೆರೆತನವನ್ನು ಅವರು ಎರಡು ತುಂಡು ಬಿಳಿಬಟ್ಟೆಯ ಇಹ್ರಾಮ್‌ನಲ್ಲಿ ಕಂಡರು.

ಇದನ್ನು ಓದಿ ಅಮೆರಿಕದತ್ತ ಬೆರಳು ತೋರಿ ಸುಮ್ಮನಾದರೆ ನಮಗೆ ಪ್ರಯೋಜನವಿಲ್ಲ. ನೆರೆಯವರಿಗೆ ಆಸ್ತಿಯಲ್ಲೂ ಪಾಲು ಸಿಗಬಹುದೇನೋ ಎನಿಸುವಷ್ಟು ಅವರ ಹಕ್ಕಿನ ಕುರಿತು ಜಿಬ್ರೀಲ್(ಅ) ಪ್ರವಾದಿ(ಸ)ಯವರಿಗೆ ಉಪದೇಶಿಸುತ್ತಿದ್ದರು. ಹೊಸ ಮನೆಯ ಅಮೃತಶಿಲೆಗೆ, ಮದುವೆಯ ಆಡಂಬರಕ್ಕೆ ಬಡ್ಡಿಯ ಸಾಲ ತರುವ ನಮ್ಮ ಕುಟುಂಬಗಳು, ಪಕ್ಕದ ಬಾಡಿಗೆ ಕೋಣೆಯ ಕೂಲಿಯವನ ಹೆಸರನ್ನಾದರೂ ಬಲ್ಲವೇ? ಅವನು ಯಾವ ಧರ್ಮದವನಾದರೂ ನಮ್ಮ ನೆರೆಯವನೇ.

ಮನೆಯೊಂದಿಗೆ ನೆರೆಯವರನ್ನು ಕಾಣುವ ಕಣ್ಣನ್ನೂ ಅಲ್ಲಾಹನು ನಮಗೆ ಕರುಣಿಸಲಿ. ಆಮೀನ್.