ಬರ್ಗರನ ತರಂಗಲೇಖವೂ ವಿಷಾದವ್ಯಾಧಿಯೂ

ಮನೋವ್ಯಾಪಾರವನ್ನು ಯಂತ್ರದಿಂದ ಅರಿಯಬೇಕೆಂದು ಶ್ರಮಿಸಿದವರಲ್ಲಿ ಜರ್ಮನಿಯ ಯೇನಾ ನಗರದ ಮನೋವೈದ್ಯನಾದ ಹ್ಯಾನ್ಸ್ ಬರ್ಗರನು ಅಗ್ರಗಣ್ಯನು. ಮನುಷ್ಯನ ಮಿದುಳಿನ ವಿದ್ಯುತ್ತರಂಗಗಳನ್ನು ಆತನು 1924ರಲ್ಲಿ ಮೊಟ್ಟಮೊದಲು ಗುರುತಿಸಿ, 1929ರಲ್ಲಿ ಲೋಕಕ್ಕೆ ಪ್ರಕಟಿಸಿದನು. ಆದರೆ ಕಾಗದದ ಮೇಲಿನ ಆ ಗೆರೆಗಳಲ್ಲಿ ಮನದ ವಿಷಾದವು ಓದಲು ದೊರೆಯಲಿಲ್ಲ. ಅದೇ ವ್ಯಾಧಿಯಿಂದ ಬಳಲಿದ ಬರ್ಗರನು 1941ರಲ್ಲಿ ತನ್ನ ಪ್ರಾಣವನ್ನು ತಾನೇ ನೀಗಿಕೊಂಡನು.

ಆದರೂ ಆತನ ಶ್ರಮವು ವ್ಯರ್ಥವಾಗಲಿಲ್ಲ. 1938ರಲ್ಲಿ ರೋಮಿನಲ್ಲಿ ಮೊದಲಾದ ವಿದ್ಯುಚ್ಚಿಕಿತ್ಸೆಯನ್ನು ಈಗ ಅರಿವಳಿಕೆಯಿತ್ತು ಮಾಡುವರು. ಕಠಿನವಾದ ವಿಷಾದವೂ ಅದರಿಂದ ಇಳಿಯುವುದುಂಟು. ಆಗ ಮಿದುಳಿನಲ್ಲೇಳುವ ಸೆಳವನ್ನು ಪರೀಕ್ಷಿಸಲು ಬರ್ಗರನ ತರಂಗಲೇಖವೇ ವೈದ್ಯರಿಗೆ ಸಾಧನವಾಗಿದೆ. 1985ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ರೂಪುಗೊಂಡ ಅಯಸ್ಕಾಂತಯಂತ್ರವೂ ಇಂದು ಚಿಕಿತ್ಸೆಗೆ ಒದಗುತ್ತಿದೆ. ರೋಗನಿರ್ಣಯಕ್ಕೆ ಮಾತ್ರ ರೋಗಿಯ ಮಾತನ್ನು ಸಾವಧಾನದಿಂದ ಕೇಳುವುದೇ ಇಂದಿಗೂ ಮುಖ್ಯಾಧಾರವು. ಮನೆಯವರು ಆ ಮಾತಿಗೆ ಮೊದಲು ಕಿವಿಗೊಟ್ಟರೆ ವೈದ್ಯನ ಕಾರ್ಯವು ಸುಗಮವಾಗುವುದು.